‘ಲೆಕ್ಕಪತ್ರ ಮಂಜೂರು’ ಎಂದು ಕೈ ಎತ್ತುವ ಮುನ್ನ...

ಜುಲೈಯಿಂದ ಸೆಪ್ಟೆಂಬರ್ ಕೊನೆಯ ತನಕ ಮುಂಬಯಿ ಕನ್ನಡಿಗರ ರವಿವಾರಗಳು ಮಹಾಸಭೆಗಳಿಗೇ ಮೀಸಲು. ಬೆಳಿಗ್ಗೆ ಸಮಾಜದ ಸಂಘದ್ದು, ಮಧ್ಯಾಹ್ನ ಕನ್ನಡ ಸಂಘದ್ದು, ಸಂಜೆ ಹೌಸಿಂಗ್ ಸೊಸೈಟಿಯದ್ದು. ಹೊರಗೆ ಮಳೆ, ಒಳಗೆ ಸಭಾಗೃಹದ ಹಿಂಬದಿಯಿಂದ ಸಾಂಬಾರಿನ ಪರಿಮಳ. ಪ್ರಾರ್ಥನೆ, ಸ್ವಾಗತ, ಅಗಲಿದ ಸದಸ್ಯರಿಗೆ ಶ್ರದ್ಧಾಂಜಲಿ, ಗತ ಮಹಾಸಭೆಯ ವರದಿ ವಾಚನ ಎಲ್ಲ ಮುಗಿಯುವಾಗ ಗಂಟೆ ಹನ್ನೆರಡೂವರೆ ದಾಟಿರುತ್ತದೆ. ಆಗ ಗೌರವ ಕೋಶಾಧಿಕಾರಿ ಎದ್ದು ನಿಂತು, ‘ಲೆಕ್ಕಪತ್ರವನ್ನು ತಮಗೆಲ್ಲ ಮೊದಲೇ ಅಂಚೆಯಲ್ಲಿ ಕಳುಹಿಸಿದ್ದೇವೆ, ಓದಿದ್ದೀರಿ ಎಂದು ಭಾವಿಸುತ್ತೇನೆ’ ಎನ್ನುತ್ತಾರೆ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ. ಮುಂದಿನ ವರ್ಷಕ್ಕೂ ಅದೇ ಲೆಕ್ಕಪರಿಶೋಧಕರು, ಮತ್ತೊಮ್ಮೆ ಚಪ್ಪಾಳೆ. ಎಲ್ಲ ಸೇರಿ ಐದು ನಿಮಿಷ.

ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಸಂಘದ ಸಭೆಯಲ್ಲಿ ಈ ಐದು ನಿಮಿಷಕ್ಕೆ ಅಡ್ಡಿ ಬಂತು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಹಿರಿಯ ಸದಸ್ಯರೊಬ್ಬರು ಎದ್ದು, ‘ಕಟ್ಟಡ ನಿಧಿಯ ಠೇವಣಿ ಯಾವ ಯಾವ ಬ್ಯಾಂಕಿನಲ್ಲಿದೆ? ಅದು ಇದೆ ಎಂದು ಆಡಿಟರ್ ಬ್ಯಾಂಕಿನವರನ್ನೇ ಕೇಳಿ ತಿಳಿದಿದ್ದಾರೆಯೇ?’ ಎಂದು ಕೇಳಿದರು. ಕೋಶಾಧಿಕಾರಿಯವರ ಮುಖ ಸಣ್ಣದಾಯಿತು. ‘ಸಿಎಯವರು ಎಲ್ಲ ನೋಡಿಯೇ ಸಹಿ ಹಾಕಿದ್ದಾರೆ ಮಾರಾಯ್ರೇ, ನಿಮಗೆ ನಮ್ಮ ಮೇಲೆ ಸಂಶಯವೇ?’ ಎಂದರು. ಹಿಂದಿನ ಸಾಲಿನಿಂದ ಯಾರೋ, ‘ಹೊಟ್ಟೆ ಹಸಿಯುತ್ತದೆ ಅಣ್ಣ, ಕುಳಿತುಕೊಳ್ಳಿ’ ಎಂದರು. ಸಭೆ ನಕ್ಕಿತು, ಅವರು ಕುಳಿತರು. ಆ ಸಂಘದ ಹಣಕ್ಕೆ ಏನೂ ಆಗಿರಲಿಲ್ಲ, ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಅವರು ಕೇಳಿದ ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಕೇಳಬೇಕಾದವರು ಕೇಳದೆ ಹೋದದ್ದರಿಂದ ಹೈದರಾಬಾದಿನಲ್ಲಿ ಒಂದು ದೊಡ್ಡ ಕಂಪೆನಿ ಒಂದೇ ದಿನದಲ್ಲಿ ಕುಸಿಯಿತು.

ಹೈದರಾಬಾದಿನ ಆ ಬುಧವಾರ

2009ರ ಜನವರಿ 7. ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರ ಅಂದು ಬೆಳಿಗ್ಗೆ ಶೇರು ಮಾರುಕಟ್ಟೆಗೆ ತಲುಪಿತು. ಕಂಪೆನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ಎಂದು 5,361 ಕೋಟಿ ರೂ. ತೋರಿಸಲಾಗಿತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಇಲ್ಲದ ಹಣಕ್ಕೆ ಬಂದಿದೆ ಎಂದು ತೋರಿಸಿದ ಬಡ್ಡಿ 376 ಕೋಟಿ. ಪುಸ್ತಕದಲ್ಲಿ ಕಾಣಿಸದ ಸಾಲ 1,230 ಕೋಟಿ. ಗಿರಾಕಿಗಳಿಂದ ಬರಬೇಕಾದ ಬಾಕಿಯಲ್ಲಿ 490 ಕೋಟಿ ಉಬ್ಬರ. ಎಲ್ಲ ಕೂಡಿಸಿದರೆ 7,136 ಕೋಟಿ ರೂ. ಹಿಂದಿನ ದಿನ 179 ರೂ. ಇದ್ದ ಶೇರು ಅಂದು ಸಂಜೆ 40 ರೂಪಾಯಿಯ ಆಸುಪಾಸಿಗೆ ಬಂತು. ಪೈಸೆ ಪೈಸೆ ಕೂಡಿಸಿ ನಾಲ್ಕು ಶೇರು ಕೊಂಡಿದ್ದ ಸಾಮಾನ್ಯ ಜನ ಅಂದು ಟಿವಿ ಮುಂದೆ ತಲೆ ಮೇಲೆ ಕೈಹೊತ್ತು ಕುಳಿತದ್ದನ್ನು ಅನೇಕ ಓದುಗರು ಮರೆತಿರಲಾರರು.

ಇಷ್ಟೆಲ್ಲ ನಡೆದದ್ದು ಯಾರೂ ಕಾಣದ ಕತ್ತಲೆಯ ಮೂಲೆಯಲ್ಲಿ ಅಲ್ಲ. ಸತ್ಯಂ ನ್ಯೂಯಾರ್ಕ್ ಶೇರು ಪೇಟೆಯಲ್ಲೂ ನೋಂದಾಯಿತವಾಗಿದ್ದ ಕಂಪೆನಿ. ಮಂಡಳಿಯಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರಿದ್ದರು, ಹೆಸರಾಂತ ತಂತ್ರಜ್ಞರಿದ್ದರು. ಪತ್ರ ಹೊರಬೀಳುವ ಕೆಲವೇ ತಿಂಗಳ ಹಿಂದೆ, 2008ರಲ್ಲಿ, ಉತ್ತಮ ಕಾರ್ಪೊರೇಟ್ ಆಡಳಿತಕ್ಕೆಂದು ‘ಗೋಲ್ಡನ್ ಪೀಕಾಕ್’ ಪ್ರಶಸ್ತಿಯೂ ಬಂದಿತ್ತು. ಲೆಕ್ಕ ತಪಾಸಣೆ ಮಾಡುತ್ತಿದ್ದದ್ದು ಜಗತ್ತಿನ ನಾಲ್ಕು ದೊಡ್ಡ ಹೆಸರುಗಳಲ್ಲಿ ಒಂದಾದ ಪ್ರೈಸ್ ವಾಟರ್‌ಹೌಸ್. ಹಾಗಿದ್ದರೆ 5,040 ಕೋಟಿ ಕಾಣದೆ ಹೋದದ್ದು ಹೇಗೆ?

ಉತ್ತರ ಎಷ್ಟು ಸರಳವೆಂದರೆ ನಂಬಲು ಕಷ್ಟ. ಬ್ಯಾಂಕಿನಲ್ಲಿ ಇಷ್ಟು ಹಣ ಇದೆಯೇ ಎಂದು ಲೆಕ್ಕಪರಿಶೋಧಕರು ತಾವೇ ನೇರವಾಗಿ ಬ್ಯಾಂಕಿಗೆ ಬರೆದು, ಬ್ಯಾಂಕಿನಿಂದ ನೇರವಾಗಿ ಉತ್ತರ ತರಿಸಿಕೊಳ್ಳಬೇಕು. ಇದು ಈ ವೃತ್ತಿಗೆ ಬಂದ ಹುಡುಗರು ಆರ್ಟಿಕಲ್‌ಶಿಪ್ಪಿನ ದಿನಗಳಲ್ಲೇ ಕಲಿಯುವ ಪಾಠ. ಸತ್ಯಂನಲ್ಲಿ ಆ ಪತ್ರಗಳನ್ನು ಕಳುಹಿಸುವುದನ್ನೂ ಉತ್ತರ ತರುವುದನ್ನೂ ಕಂಪೆನಿಯವರ ಕೈಗೇ ಬಿಡಲಾಗಿತ್ತು ಎಂಬುದು ಅಮೆರಿಕದ ನಿಯಂತ್ರಕರ ತನಿಖೆಯಲ್ಲಿ ಹೊರಬಂತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. 2011ರಲ್ಲಿ ಅಮೆರಿಕದಲ್ಲಿ ಈ ಸಂಸ್ಥೆಯ ಭಾರತೀಯ ಶಾಖೆಗಳು ಒಟ್ಟು 75 ಲಕ್ಷ ಡಾಲರ್ ದಂಡ ತೆತ್ತವು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿದಂತೆ ಹತ್ತು ಮಂದಿಯನ್ನು ಅಪರಾಧಿಗಳೆಂದು ತೀರ್ಪಿತ್ತಿತು. ಆ ಹತ್ತರಲ್ಲಿ ಇಬ್ಬರು ಲೆಕ್ಕಪರಿಶೋಧಕರು. 2018ರಲ್ಲಿ ಸೆಬಿ ಆ ಸಂಸ್ಥೆಯ ಮೇಲೆ ಎರಡು ವರ್ಷದ ನಿಷೇಧ ಹೇರಿತಾದರೂ ಮೇಲ್ಮನವಿ ಮಂಡಳಿ 2019ರಲ್ಲಿ ಆ ನಿಷೇಧವನ್ನು ರದ್ದುಪಡಿಸಿತು.

ಕಂಪೆನಿ ಮಾತ್ರ ಉಳಿಯಿತು ಎನ್ನುವುದು ಸಮಾಧಾನ. ಸರಕಾರ ಹಳೆಯ ಮಂಡಳಿಯನ್ನು ಬದಿಗೆ ಸರಿಸಿ ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್ ಮುಂತಾದವರನ್ನು ಕೂರಿಸಿತು. ಕೆಲವೇ ತಿಂಗಳಲ್ಲಿ ಟೆಕ್ ಮಹೀಂದ್ರ ಅದನ್ನು ಕೊಂಡುಕೊಂಡಿತು.

ಕಾನೂನು ಬದಲಾಯಿತು

ನಮ್ಮ ದೇಶದಲ್ಲಿ ಕಾನೂನು ಬದಲಾಗುವುದು ಮನೆ ಸುಟ್ಟ ಮೇಲೆಯೇ ಎನ್ನುವುದು ಹಳೆಯ ಮಾತು. 1956ರ ಕಂಪೆನಿ ಕಾಯ್ದೆಯ ಬದಲಿಗೆ 2013ರ ಹೊಸ ಕಾಯ್ದೆ ಬಂದಾಗ ಅದರ ಅನೇಕ ಕಲಮುಗಳಲ್ಲಿ ಸತ್ಯಂನ ನೆರಳು ಕಾಣುತ್ತಿತ್ತು. ನೋಂದಾಯಿತ ಕಂಪೆನಿಗಳಲ್ಲಿ ಒಬ್ಬನೇ ವ್ಯಕ್ತಿ ಲೆಕ್ಕಪರಿಶೋಧಕನಾಗಿದ್ದರೆ ಐದು ವರ್ಷ, ಸಂಸ್ಥೆಯಾಗಿದ್ದರೆ ಹತ್ತು ವರ್ಷ. ಅದು ಮುಗಿದರೆ ಬದಲಾಯಿಸಲೇಬೇಕು, ಐದು ವರ್ಷ ಮತ್ತೆ ಆ ಬಾಗಿಲಿಗೆ ಬರುವಂತಿಲ್ಲ. ಕಂಪೆನಿಯ ಲೆಕ್ಕ ಬರೆದುಕೊಡುವವರೇ ಅದನ್ನು ತಪಾಸಣೆ ಮಾಡುವಂತಿಲ್ಲ. ಒಂದು ಕೋಟಿ ರೂ. ಅಥವಾ ಅದಕ್ಕೆ ಮಿಕ್ಕಿದ ವಂಚನೆಯ ಸುಳಿವು ಸಿಕ್ಕಿದರೆ ಕೇಂದ್ರ ಸರಕಾರಕ್ಕೆ ತಿಳಿಸುವುದು ಲೆಕ್ಕಪರಿಶೋಧಕನ ಕರ್ತವ್ಯ. ಗಿರಾಕಿಯ ಗುಟ್ಟು ಎಂದು ಬಾಯಿ ಮುಚ್ಚಿ ಕೂರುವಂತಿಲ್ಲ.

ಅದಕ್ಕೂ ಮಿಗಿಲಾದದ್ದು 2018ರ ಅಕ್ಟೋಬರ್ 1ರಂದು ಹುಟ್ಟಿಕೊಂಡ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ. ಅಲ್ಲಿಯ ತನಕ ಸಿಎಗಳ ತಪ್ಪನ್ನು ವಿಚಾರಿಸುತ್ತಿದ್ದದ್ದು 1949ರಿಂದ ಇರುವ ಅವರದೇ ಸಂಸ್ಥೆ. ಈಗ ದೊಡ್ಡ ಕಂಪೆನಿಗಳ ಮಟ್ಟಿಗೆ ಹೊರಗಿನ ಒಂದು ಕಣ್ಣು ಬಂದಿದೆ. ತಪ್ಪು ಸಾಬೀತಾದರೆ ಆರು ತಿಂಗಳಿಂದ ಹತ್ತು ವರ್ಷದ ತನಕ ಅದು ವೃತ್ತಿಯಿಂದ ದೂರ ಇಡಬಲ್ಲದು. ಇದು ಬರಬಾರದು ಎಂದು ವೃತ್ತಿಯವರು ಸಾಕಷ್ಟು ವಾದಿಸಿದರು. ಸ್ವಂತ ಮನೆಯ ಜಗಳವನ್ನು ಮನೆಯಲ್ಲೇ ತೀರಿಸಬೇಕು ಎಂಬ ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಇಲ್ಲಿ ಹೋಗುವುದು ಮನೆಯವರ ಹಣವಲ್ಲ, ಊರವರದ್ದು.

ಇನ್ನೆರಡು ಚಿಕ್ಕ ಕಲಮುಗಳನ್ನು ಹೇಳಲೇಬೇಕು, ಏಕೆಂದರೆ ನಮ್ಮ ಸಭೆಗಳಿಗೆ ಅವು ಪಾಠವಾಗಬಲ್ಲವು. ಕಂಪೆನಿಯ ಮಹಾಸಭೆಗೆ ಲೆಕ್ಕಪರಿಶೋಧಕರು ತಾವು ಇಲ್ಲವೇ ತಮ್ಮ ಅರ್ಹ ಪ್ರತಿನಿಧಿ ಹಾಜರಿರಬೇಕು, ಕಂಪೆನಿ ವಿನಾಯಿತಿ ಕೊಟ್ಟರೆ ಮಾತ್ರ ಬೇರೆ. ಕಂಪೆನಿಯ ವ್ಯವಹಾರಕ್ಕೆ ಬಾಧಕವಾಗುವ ಆಕ್ಷೇಪ ಅವರ ವರದಿಯಲ್ಲಿದ್ದರೆ ಅದನ್ನು ಸಭೆಯ ಮುಂದೆ ಓದಬೇಕು. ನಮ್ಮ ಎಷ್ಟು ಸಂಘಗಳ ಮಹಾಸಭೆಯಲ್ಲಿ ಆಡಿಟರ್ ಮುಖ ಕಂಡಿದ್ದೇವೆ? ಊಟದ ಹೊತ್ತಿಗೆ ಬಂದು ಶಾಲು ಹೊದೆಸಿಕೊಂಡು ಹೋಗುವುದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.

ಪ್ರಭಾದೇವಿಯ ತಿಜೋರಿ

ಕಂಪೆನಿಗಳ ವಿಚಾರ ದೂರದ್ದು ಎನ್ನುವವರಿಗೆ ಮುಂಬಯಿಯಲ್ಲೇ ಎರಡು ಉದಾಹರಣೆಗಳಿವೆ.

2019ರ ಸೆಪ್ಟೆಂಬರ್ 24ರ ಬೆಳಿಗ್ಗೆ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ, ಅಂದರೆ ಪಿಎಂಸಿ ಬ್ಯಾಂಕಿನ ಶಾಖೆಗಳ ಮುಂದೆ ಜನ ಸೇರಿದ್ದನ್ನು ಕಂಡವರಿದ್ದೇವೆ. ಖಾತೆಯಲ್ಲಿ ಎಷ್ಟೇ ಇದ್ದರೂ ಸಾವಿರ ರೂಪಾಯಿ ಮಾತ್ರ ತೆಗೆಯಬಹುದು ಎಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತ್ತು. ಮಿತಿಯನ್ನು ಆಮೇಲೆ ಹಂತ ಹಂತವಾಗಿ ಏರಿಸಿದರೂ ಮಗಳ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ ಇಟ್ಟ ಹಣ ಅಲ್ಲೇ ಸಿಕ್ಕಿಬಿತ್ತು. ಬ್ಯಾಂಕ್ ಕೊಟ್ಟ ಒಟ್ಟು ಸಾಲದಲ್ಲಿ ಶೇ. 70ಕ್ಕೂ ಹೆಚ್ಚು ಒಂದೇ ಕಟ್ಟಡ ಕಂಪೆನಿ ಸಮೂಹಕ್ಕೆ ಹೋಗಿತ್ತು. ಅದನ್ನು ಮರೆಮಾಚಲು 21 ಸಾವಿರಕ್ಕೂ ಮಿಕ್ಕಿ ಸುಳ್ಳು ಖಾತೆಗಳನ್ನು ತೋರಿಸಲಾಗಿತ್ತು ಎಂಬುದು ಪೊಲೀಸ್ ದೂರಿನ ಸಾರ. ಬ್ಯಾಂಕಿನ ಅಧಿಕಾರಿಗಳ ಬೆನ್ನಿಗೆ ಶಾಸನಬದ್ಧ ಲೆಕ್ಕಪರಿಶೋಧಕರ ಬಂಧನವೂ ಆಯಿತು. 2022ರ ಜನವರಿಯಲ್ಲಿ ಬ್ಯಾಂಕ್ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ದೊಡ್ಡ ಠೇವಣಿದಾರರಿಗೆ ಹಣ ಸಲ್ಲುವುದು ಹತ್ತು ವರ್ಷದ ಅವಧಿಯಲ್ಲಿ.

ಅದೇ ಕಾಲಕ್ಕೆ ಊರಿನ ಕಡೆಯಿಂದಲೂ ಇಂಥದೇ ಸುದ್ದಿ ಬಂತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ನಿರ್ಬಂಧ ಬಿದ್ದು, ಠೇವಣಿದಾರರಿಗೆ 35 ಸಾವಿರ ರೂ. ಮಾತ್ರ ತೆಗೆಯುವ ಅವಕಾಶ ಉಳಿಯಿತು. ಅಲ್ಲಿ ಹೆಚ್ಚಿನವರು ಪಿಂಚಣಿ ಹಣವಿಟ್ಟ ಹಿರಿಯರು.

ಇದರ ಫಲವಾಗಿ 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂದು ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತ ಬಿಗಿಯಾಯಿತು. ಲೆಕ್ಕಪರಿಶೋಧಕರ ನೇಮಕಕ್ಕೂ ಅದರ ಪೂರ್ವಾನುಮತಿ ಬೇಕಾಯಿತು. ಒಬ್ಬರೇ ಲೆಕ್ಕಪರಿಶೋಧಕರು ಸತತ ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ, ಆಮೇಲೆ ಆರು ವರ್ಷ ದೂರ ಎಂಬ ನಿಯಮ 2021ರಲ್ಲಿ ಬಂತು.

ಇಷ್ಟಾದ ಮೇಲೂ 2025ರ ಫೆಬ್ರವರಿ ಬಂತು. ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಎಂದರೆ ನಮಗೆ ಒಂದು ಬಗೆಯ ಆತ್ಮೀಯತೆ. ಮಂಗಳೂರಿನಿಂದ ಬಂದು ಮುಂಬಯಿಯ ಟ್ಯಾಕ್ಸಿ ಚಾಲಕರನ್ನೂ ಕಾರ್ಮಿಕರನ್ನೂ ಸಂಘಟಿಸಿದ ಜಾರ್ಜ್ ಫೆರ್ನಾಂಡಿಸ್ 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಎಂದು ಕಟ್ಟಿದ್ದು ಅದೇ. ಹೆಸರು ಆಮೇಲೆ ಬದಲಾಯಿತು. ಫೆಬ್ರವರಿ 12ರಂದು ರಿಸರ್ವ್ ಬ್ಯಾಂಕಿನ ತಪಾಸಣಾ ತಂಡ ಬಂದು ತಿಜೋರಿ ತೆರೆಸಿ ನೋಟು ಎಣಿಸಿತು. ಪುಸ್ತಕದಲ್ಲಿದ್ದ ಹಣಕ್ಕೂ ತಿಜೋರಿಯ ಹಣಕ್ಕೂ 122 ಕೋಟಿ ರೂ. ವ್ಯತ್ಯಾಸ. ಅದರಲ್ಲಿ 112 ಕೋಟಿ ಪ್ರಭಾದೇವಿಯಲ್ಲಿ, ಉಳಿದ 10 ಕೋಟಿ ಗೋರೆಗಾಂವ್ ಶಾಖೆಯಲ್ಲಿ. ಮರುದಿನದಿಂದ ಠೇವಣಿದಾರರಿಗೆ ಒಂದು ರೂಪಾಯಿಯನ್ನೂ ತೆಗೆಯುವ ಅವಕಾಶವಿರಲಿಲ್ಲ. ಫೆಬ್ರವರಿ 27ರಿಂದ 25 ಸಾವಿರ ರೂ. ತನಕ ಬಿಟ್ಟರು.

ಪ್ರಭಾದೇವಿಯ ಆ ತಿಜೋರಿಯಲ್ಲಿ ಹಿಡಿಯುವುದೇ ಸುಮಾರು ಹತ್ತು ಕೋಟಿಯಷ್ಟು ಎಂದು ಪೊಲೀಸರು ತನಿಖೆಯ ವೇಳೆ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಒಂದು ಸೇರಿನ ಪಾತ್ರೆಯಲ್ಲಿ ಹನ್ನೆರಡು ಸೇರು ಅಕ್ಕಿ ಇದೆ ಎಂದು ಬರೆದಿಟ್ಟರೆ ಮನೆಯ ಹೆಂಗಸರು ಒಂದು ಕ್ಷಣದಲ್ಲಿ ಹಿಡಿಯುತ್ತಾರೆ. ಇಲ್ಲಿ ಒಳಗಿನ ತಪಾಸಣೆ, ನಡುನಡುವೆ ನಡೆಯುವ ತಪಾಸಣೆ, ವರ್ಷದ ಕೊನೆಯ ಶಾಸನಬದ್ಧ ತಪಾಸಣೆ ಎಂದು ಮೂರು ಬಗೆಯ ಆಡಿಟ್ ಇದ್ದೂ ಎಣಿಸಲು ರಿಸರ್ವ್ ಬ್ಯಾಂಕಿನವರೇ ಬರಬೇಕಾಯಿತು. ಆರೋಪಿಗಳ ಮೇಲಿನ ಆರೋಪಗಳನ್ನು ನ್ಯಾಯಾಲಯ ತೀರ್ಮಾನಿಸಬೇಕು, ಅದನ್ನು ನಾವು ಹೇಳಲಾಗದು. ಠೇವಣಿದಾರರ ಪುಣ್ಯ, 2025ರ ಆಗಸ್ಟ್ 4ರಿಂದ ಬ್ಯಾಂಕ್ ಸಾರಸ್ವತ್ ಬ್ಯಾಂಕಿನಲ್ಲಿ ವಿಲೀನವಾಗಿ ಅವರ ಹಣ ಉಳಿಯಿತು.

ನಮ್ಮ ಸಂಘಗಳಿಗೂ ಕಾನೂನಿದೆ

ಈಗ ನಮ್ಮ ಅಂಗಳಕ್ಕೆ ಬರೋಣ. 1926ರ ಮೈಸೂರು ಅಸೋಸಿಯೇಶನ್, 1927ರ ಬಂಟರ ಸಂಘ ಮೊದಲ್ಗೊಂಡು ನಿನ್ನೆ ಮೊನ್ನೆ ಉಪನಗರದಲ್ಲಿ ಹುಟ್ಟಿದ ಭಜನಾ ಮಂಡಳಿಯ ತನಕ ನಮ್ಮ ಸಂಸ್ಥೆಗಳಿಗೆ ಲೆಕ್ಕವಿಲ್ಲ. ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿದ ಹಿಂದಿನ ತಲೆಮಾರಿನವರು ಒಂದೊಂದು ರೂಪಾಯಿ ಕೂಡಿಸಿ ಕಟ್ಟಿದ ಸಂಸ್ಥೆಗಳು ಇವು. ಇಂದು ಕೆಲವು ಸಂಘಗಳ ಆಸ್ತಿ ಕೋಟಿಗಳಲ್ಲಿದೆ.

ಧಾರ್ಮಿಕ ಅಥವಾ ಧರ್ಮಾರ್ಥ ಉದ್ದೇಶದ ಸಂಘ 1860ರ ಸೊಸೈಟೀಸ್ ಕಾಯ್ದೆಯಡಿ ನೋಂದಣಿಯಾಗಿದ್ದರೂ ಮಹಾರಾಷ್ಟ್ರದಲ್ಲಿ ಅದು ಸಾರ್ವಜನಿಕ ಟ್ರಸ್ಟ್ ಎಂದೇ ಲೆಕ್ಕ. ಆದ್ದರಿಂದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಹಳಬರು ಇದನ್ನು ಇಂದಿಗೂ ‘ಬಾಂಬೆ ಪಬ್ಲಿಕ್ ಟ್ರಸ್ಟ್ ಆ್ಯಕ್ಟ್’ ಎಂದೇ ಕರೆಯುತ್ತಾರೆ. ವರಳಿಯಲ್ಲಿರುವ ಧರ್ಮಾದಾಯ ಆಯುಕ್ತರ ಕಚೇರಿಗೆ, ಎಲ್ಲರ ಬಾಯಲ್ಲಿ ‘ಚಾರಿಟಿ ಕಮಿಷನರ್’ ಕಚೇರಿಗೆ, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಲೆಕ್ಕ ತಪಾಸಣೆ ಸಿಎಯವರಿಂದಲೇ ಆಗಬೇಕು, ಮತ್ತು ಅವರಿಗೆ ಆ ಟ್ರಸ್ಟಿನಲ್ಲಿ ಹಿತಾಸಕ್ತಿ ಇರಬಾರದು. ಸಂಘದ ಉಪಾಧ್ಯಕ್ಷರೇ ಸಿಎ ಆಗಿದ್ದು, ಅವರ ಪಾಲುದಾರರು ಸಹಿ ಹಾಕುವ ಪದ್ಧತಿ ಅಲ್ಲಲ್ಲಿ ಕಾಣುತ್ತದೆ. ‘ನಮ್ಮವರೇ, ಶುಲ್ಕ ತೆಗೆದುಕೊಳ್ಳುವುದಿಲ್ಲ, ಸೇವೆ ಎಂದು ಮಾಡುತ್ತಾರೆ’ ಎನ್ನುತ್ತೇವೆ. ಅವರ ಮನಸ್ಸು ಶುದ್ಧವೇ ಇರಬಹುದು. ಆದರೆ ಪಂಕ್ತಿಯಲ್ಲಿ ಜೊತೆಗೆ ಕೂತು ಉಂಡವರಿಗೆ ಬಡಿಸಿದವರ ತಪ್ಪು ಹೇಳುವುದು ಕಷ್ಟ.

ಆ ಸಿಎ ಏನೇನು ನೋಡಬೇಕು ಎಂಬುದನ್ನು ನಿಯಮಗಳೇ ಪಟ್ಟಿ ಮಾಡಿವೆ. ಪ್ರತಿಯೊಂದು ಟ್ರಸ್ಟಿನ ಆಡಿಟ್ ವರದಿಯ ಜೊತೆ ಪ್ರಶ್ನೆ-ಉತ್ತರದ ಒಂದು ಹಾಳೆ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಲಾಭ-ನಷ್ಟದ ಹಾಳೆ ನೋಡಿ ಪುಸ್ತಕ ಮಡಚುತ್ತೇವೆ, ಈ ಹಾಳೆಯನ್ನು ತಿರುವುವುದೇ ಇಲ್ಲ. ನಿಜವಾದ ಸಂಗತಿ ಇರುವುದು ಅಲ್ಲಿ. ಕೈಯಲ್ಲಿದ್ದ ನಗದೂ ವೋಚರುಗಳೂ ತಪಾಸಣೆಯ ದಿನ ಪುಸ್ತಕಕ್ಕೆ ತಾಳೆಯಾದವೇ? ಚರ-ಸ್ಥಿರ ಆಸ್ತಿಯ ರಿಜಿಸ್ಟರ್ ಇದೆಯೇ? ಸಂಘದ ಹಣ ಸಂಘದ ಉದ್ದೇಶ ಬಿಟ್ಟು ಬೇರೆಯದಕ್ಕೆ ಹೋಗಿದೆಯೇ? ಒಂದು ವರ್ಷಕ್ಕಿಂತ ಹಳೆಯ ಬಾಕಿ ಎಷ್ಟು, ಮನ್ನಾ ಮಾಡಿದ್ದು ಎಷ್ಟು? ದುರಸ್ತಿ, ಕಟ್ಟಡ ಕೆಲಸಕ್ಕೆ ಟೆಂಡರ್ ಕರೆದಿದ್ದಾರೆಯೇ? (ಮೂಲ ನಿಯಮದಲ್ಲಿ ಇದರ ಮಿತಿ 5,000 ರೂ. ಇಂದು ಅಷ್ಟು ಹಣಕ್ಕೆ ಸಭಾಗೃಹದ ಒಂದು ಗೋಡೆಗೂ ಬಣ್ಣ ಬಾರದು.) ಸಭೆಗಳು ಕ್ರಮವಾಗಿ ನಡೆದಿವೆಯೇ, ನಡಾವಳಿ ಪುಸ್ತಕ ಬರೆದಿದ್ದಾರೆಯೇ? ಯಾವನಾದರೂ ಟ್ರಸ್ಟಿ ಸಂಘಕ್ಕೆ ಸಾಲಗಾರನೇ? ಹಿಂದಿನ ವರ್ಷ ತೋರಿಸಿದ ತಪ್ಪನ್ನು ತಿದ್ದಿದ್ದಾರೆಯೇ?

ಕೊನೆಯ ಆ ಪ್ರಶ್ನೆಯ ಮುಂದೆ ‘ಇಲ್ಲ’ ಎಂದಿದ್ದರೆ ಅಲ್ಲಿಂದಲೇ ಸದಸ್ಯರ ಕೆಲಸ ಶುರು. ಹಾಗೆಯೇ ವರದಿಯಲ್ಲಿ ‘ಸಬ್ಜೆಕ್ಟ್ ಟು’, ‘ಎಕ್ಸೆಪ್ಟ್ ಫಾರ್’ ಎಂಬ ಪದಗಳನ್ನು ಹುಡುಕಬೇಕು. ‘ಇದೊಂದನ್ನು ಬಿಟ್ಟು ಉಳಿದದ್ದು ಸರಿ’ ಎಂದು ಅದರ ಅರ್ಥ. ಆ ‘ಇದೊಂದು’ ಯಾವುದು ಎಂಬುದೇ ಮುಖ್ಯ.

ಇನ್ನು ಸಹಿಯ ವಿಚಾರ. 2019ರ ಜುಲೈ 1ರಿಂದ ಸಿಎ ಸಹಿ ಹಾಕುವ ಪ್ರತಿ ಆಡಿಟ್ ವರದಿಗೂ ಯುಡಿಐಎನ್ ಎಂಬ 18 ಅಂಕೆಗಳ ಗುರುತು ಸಂಖ್ಯೆ ಕಡ್ಡಾಯ. ಸಿಎ ಸಂಸ್ಥೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅದು ಅಸಲಿಯೇ ಎಂದು ಯಾರು ಬೇಕಾದರೂ ನೋಡಬಹುದು. ಸಿಎಗಳ ಹೆಸರಿನಲ್ಲಿ ಸುಳ್ಳು ಸಹಿ ಹಾಕುವವರು ಹೆಚ್ಚಿದ್ದರಿಂದ ಸಂಸ್ಥೆಯೇ ತಂದ ಉಪಾಯ ಇದು.

ಕಾರ್ಯಕಾರಿ ಸಮಿತಿಯವರಿಗೂ ಒಂದು ಮಾತು. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಬದಲಾವಣೆ ವರದಿ, ನಮ್ಮ ಭಾಷೆಯ ‘ಚೇಂಜ್ ರಿಪೋರ್ಟ್’, ಸಲ್ಲಿಸಬೇಕು. ಇದನ್ನು ಮರೆತು ಹತ್ತು ವರ್ಷದ ಹಿಂದಿನ ಅಧ್ಯಕ್ಷರ ಹೆಸರೇ ಸರಕಾರಿ ದಾಖಲೆಯಲ್ಲಿ ಉಳಿದು, ಕೊನೆಗೆ ಬ್ಯಾಂಕಿನಲ್ಲಿ ಸಹಿ ಬದಲಿಸಲಾಗದೆ ಪರದಾಡಿದ ಸಂಘಗಳಿವೆ. ಸಭಾಗೃಹವನ್ನು ಕೇಟರಿಂಗ್‌ನವರಿಗೆ ಮೂರು ವರ್ಷಕ್ಕಿಂತ ಹೆಚ್ಚು ಅವಧಿಗೆ ಲೀಸ್ ಕೊಡುವುದಾದರೆ, ಜಾಗ ಮಾರುವುದಾದರೆ, ಸಂಘದ ಹೆಸರಲ್ಲಿ ಸಾಲ ಎತ್ತುವುದಾದರೆ ಆಯುಕ್ತರ ಪೂರ್ವಾನುಮತಿ ಬೇಕು. ಮಹಾಸಭೆ ಒಪ್ಪಿತು ಎಂಬುದಷ್ಟೇ ಸಾಲದು.

ಹಣ ಎಲ್ಲಿಟ್ಟಿದ್ದೀರಿ?

ಹಿರಿಯ ಸದಸ್ಯರ ಪ್ರಶ್ನೆಯ ಮೊದಲ ಭಾಗಕ್ಕೆ ಮತ್ತೆ ಬರುತ್ತೇನೆ. ಠೇವಣಿ ಯಾವ ಬ್ಯಾಂಕಿನಲ್ಲಿದೆ?

1962ರಲ್ಲಿ ಠೇವಣಿ ವಿಮೆ ಶುರುವಾದಾಗ ಮಿತಿ 1,500 ರೂ. 1993ರಿಂದ ಒಂದು ಲಕ್ಷವಿತ್ತು. ಪಿಎಂಸಿ ಪ್ರಕರಣದ ಬೆನ್ನಿಗೆ 2020ರ ಫೆಬ್ರವರಿ 4ರಿಂದ ಅದನ್ನು ಐದು ಲಕ್ಷಕ್ಕೆ ಏರಿಸಲಾಯಿತು. ಬ್ಯಾಂಕಿಗೆ ನಿರ್ಬಂಧ ಬಿದ್ದರೆ ವಿಮೆಯ ಹಣ 90 ದಿನದೊಳಗೆ ಕೈಸೇರಬೇಕು ಎಂಬ ತಿದ್ದುಪಡಿ 2021ರಲ್ಲಿ ಬಂತು. ಒಳ್ಳೆಯದೇ. ಆದರೆ ಈ ಐದು ಲಕ್ಷ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ. ಎರಡು ಸಾವಿರ ಸದಸ್ಯರಿರುವ ಸಂಘವೂ ಇಲ್ಲಿ ಒಬ್ಬನೇ ಠೇವಣಿದಾರ. ಕಟ್ಟಡ ನಿಧಿಯ 50 ಲಕ್ಷವನ್ನು ಅರ್ಧ ಶೇಕಡಾ ಹೆಚ್ಚು ಬಡ್ಡಿಗೆಂದು ಒಂದೇ ಸಣ್ಣ ಬ್ಯಾಂಕಿನಲ್ಲಿಟ್ಟರೆ ಅದರಲ್ಲಿ 45 ಲಕ್ಷಕ್ಕೆ ವಿಮೆಯೇ ಇಲ್ಲ. ಪಿಎಂಸಿ ವಿಲೀನದಲ್ಲಿ ಇದು ಇನ್ನೂ ಕಹಿಯಾಗಿ ಕಂಡಿತು. ಸಂಸ್ಥೆಗಳು ಇಟ್ಟಿದ್ದ, ವಿಮೆಯ ಹೊರಗಿನ ಠೇವಣಿಯಲ್ಲಿ ಶೇ. 80ರಷ್ಟನ್ನು ವರ್ಷಕ್ಕೆ ಶೇ. 1 ಲಾಭಾಂಶದ ಪ್ರಾಶಸ್ತ್ಯ ಶೇರುಗಳಾಗಿ ಬದಲಾಯಿಸಲಾಯಿತು. ವ್ಯಕ್ತಿಗಳಿಗೆ ಕಂತಿನಲ್ಲಾದರೂ ಹಣ ಬರುತ್ತದೆ, ಸಂಸ್ಥೆಗಳಿಗೆ ಸಿಕ್ಕಿದ್ದು ಕಾಗದ.

ಪತಪೇಢಿಗಳಿಗೆ, ಅಂದರೆ ಕ್ರೆಡಿಟ್ ಸೊಸೈಟಿಗಳಿಗೆ, ಈ ವಿಮೆ ಇಲ್ಲವೇ ಇಲ್ಲ. ಅವು ಬ್ಯಾಂಕುಗಳಲ್ಲ, ಫಲಕ ಎಷ್ಟೇ ದೊಡ್ಡದಿರಲಿ. ಚೆನ್ನಾಗಿ ನಡೆಯುವ ಪತಪೇಢಿಗಳು ನಮ್ಮವರದ್ದೇ ಬೇಕಾದಷ್ಟಿವೆ, ಎಷ್ಟೋ ಹೋಟೆಲು ಉದ್ಯಮಿಗಳಿಗೆ ಮೊದಲ ಬಂಡವಾಳ ಅಲ್ಲಿಂದಲೇ ಬಂದದ್ದು. ಆದರೆ ಹೊರಗಿನ ವಿಮೆ ಇಲ್ಲದ ಕಡೆ ಒಳಗಿನ ಆಡಿಟ್ ಒಂದೇ ಆಧಾರ. ಅಲ್ಲಿ ಠೇವಣಿ ಇಡುವವರು ವರ್ಷಕ್ಕೊಮ್ಮೆ ಆ ವರದಿ ಕೇಳಿ ಪಡೆಯಬೇಕು.

ಹೌಸಿಂಗ್ ಸೊಸೈಟಿಗಳ ವಿಚಾರ ಎರಡೇ ಮಾತಲ್ಲಿ ಹೇಳಬಹುದು. ಮಹಾರಾಷ್ಟ್ರ ಸಹಕಾರ ಕಾಯ್ದೆಯಂತೆ ಸರಕಾರಿ ಪಟ್ಟಿಯಲ್ಲಿರುವ ಲೆಕ್ಕಪರಿಶೋಧಕರನ್ನು ಮಹಾಸಭೆಯೇ ನೇಮಿಸಬೇಕು, ಕಾರ್ಯದರ್ಶಿಯ ಪರಿಚಯಸ್ಥರನ್ನಲ್ಲ. ಸೆಪ್ಟೆಂಬರ್ 30ರೊಳಗೆ ಮಹಾಸಭೆ ನಡೆಯಬೇಕು. ಆಡಿಟರ್ ತೋರಿಸಿದ ತಪ್ಪುಗಳನ್ನು ತಿದ್ದಿ ಸಲ್ಲಿಸುವ ‘ಓ’ ನಮೂನೆ ಎಂಬುದಿದೆ. ಬಿಲ್ಡಿಂಗ್ ಮೀಟಿಂಗಿನಲ್ಲಿ ನೀರಿನ ಟ್ಯಾಂಕು, ಪಾರ್ಕಿಂಗ್ ಬಗ್ಗೆ ಗಂಟೆಗಟ್ಟಲೆ ಜಗಳವಾಡುವವರು ಆ ‘ಓ’ ನಮೂನೆ ಸಲ್ಲಿಕೆಯಾಗಿದೆಯೇ ಎಂದು ಒಮ್ಮೆಯಾದರೂ ಕೇಳಿದ್ದುಂಟೇ?

ಲೆಕ್ಕಪರಿಶೋಧಕರ ಕಡೆಯ ನ್ಯಾಯವನ್ನೂ ಹೇಳಬೇಕು. ಅವರು ಪೊಲೀಸರಲ್ಲ. 1896ರಲ್ಲೇ ಇಂಗ್ಲೆಂಡಿನ ನ್ಯಾಯಾಧೀಶರೊಬ್ಬರು ಹತ್ತಿ ಗಿರಣಿಯೊಂದರ ಮೊಕದ್ದಮೆಯಲ್ಲಿ, ಲೆಕ್ಕಪರಿಶೋಧಕ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂದು ಹೇಳಿದ್ದರು. ಸಾವಿರ ವೋಚರಿನಲ್ಲಿ ನೂರನ್ನು ನೋಡಿ ಅಭಿಪ್ರಾಯ ಕೊಡುವುದು ಅವರ ಪದ್ಧತಿ. ಎಲ್ಲವನ್ನೂ ನೋಡಿ ಎಂದರೆ ನಾವು ಕೊಡುವ ಶುಲ್ಕಕ್ಕೆ ಅವರ ಹುಡುಗರ ಲೋಕಲ್ ಪಾಸಿನ ಖರ್ಚೂ ಹುಟ್ಟದು. ಪುಕ್ಕಟೆ ಆಡಿಟ್ ಮಾಡಿಸಿಕೊಂಡು ಆಮೇಲೆ ‘ಹಿಡಿಯಲಿಲ್ಲ’ ಎಂದು ಬೈಯುವುದು ಸರಿಯಲ್ಲ. ಆದರೆ ಕಾವಲು ನಾಯಿ ಬೊಗಳಬೇಕು, ಬೊಗಳಿದ್ದನ್ನು ಮನೆಯವರು ಕೇಳಬೇಕು. ಇವೆರಡರಲ್ಲಿ ಎರಡನೆಯದು ನಮ್ಮ ಪಾಲಿನದ್ದು.

ಮೇಲೆ ಹೇಳಿದ ಹಿರಿಯರು ಮುಂದಿನ ವರ್ಷ ಮಹಾಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಅದರ ಬದಲು ಸಭೆಗೆ ಮೂರು ವಾರ ಮುಂಚೆ ಕಾರ್ಯದರ್ಶಿಗೆ ಒಂದು ಪತ್ರ ಬರೆದು, ಪ್ರತಿಯನ್ನು ಆಡಿಟರಿಗೂ ಕಳುಹಿಸಿದರು. ಆಡಿಟರ್ ಅದನ್ನು ಓದಿ ಬ್ಯಾಂಕುಗಳಿಗೆ ತಾವೇ ಕಾಗದ ಹಾಕಿ ಉತ್ತರ ತರಿಸಿಕೊಂಡರು. ಆ ಸಂಘದ ವಾರ್ಷಿಕ ವರದಿಯ ಕೊನೆಯ ಪುಟದಲ್ಲಿ ಅಂದಿನಿಂದ ಒಂದು ಚಿಕ್ಕ ಕೋಷ್ಟಕ ಅಚ್ಚಾಗುತ್ತಿದೆ: ಬ್ಯಾಂಕಿನ ಹೆಸರು, ಠೇವಣಿ ಮೊತ್ತ, ಅವಧಿ ಮುಗಿಯುವ ದಿನಾಂಕ, ಬ್ಯಾಂಕಿನಿಂದ ನೇರ ದೃಢೀಕರಣ ಬಂದ ದಿನಾಂಕ. ಕೋಶಾಧಿಕಾರಿಯವರೇ ಈಗ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಊಟ ಹತ್ತು ನಿಮಿಷ ತಡವಾಗುತ್ತದೆ.